ಆಟ ಮುಗಿದ ಮೇಲೆ ಒಟ್ಟಿಗೆ ಮನೆ ಊಟ: 14 ಜನರ ತಂಡಕ್ಕೆ ಏನು, ಎಷ್ಟು, ಸರದಿ ಹೇಗೆ?

ಪ್ರಶ್ನೆ: ಹಾಫ್‌ಟೈಮ್

ನಮ್ಮದು ಹವ್ಯಾಸಿ ಫುಟ್‌ಬಾಲ್ ತಂಡ. ಏಳು ಜನರ ಆಟ, ಬದಲಿ ಆಟಗಾರರೂ ಸೇರಿ ಒಟ್ಟು 14 ಜನ. ವಾರಕ್ಕೊಮ್ಮೆ ಬೆಳಿಗ್ಗೆ 7ಕ್ಕೆ ಶುರು, 30 ನಿಮಿಷದ ಎರಡು ಅವಧಿ. ಆಟ ಮುಗಿದ ಐದೇ ನಿಮಿಷಕ್ಕೆ ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡ್ತಾರೆ. ಮೈದಾನದಲ್ಲಿ ಹೊಂದಾಣಿಕೆ ಚೆನ್ನಾಗಿದೆ, ಸ್ನೇಹ ಅಂತ ಇನ್ನೂ ಬೆಳೆದಿಲ್ಲ. ಆದ್ದರಿಂದ ಪ್ರತಿ ವಾರ ಒಬ್ಬರ ಮನೆಯಿಂದ ತಾಜಾ ಅಡುಗೆ ತಂದು, ಆಟದ ನಂತರ ಎಲ್ಲರೂ ಕೂತು ಊಟ ಮಾಡೋಣ ಅನ್ನೋ ಯೋಚನೆ ಇದೆ. ಗೊತ್ತಿರುವವರು ದಯವಿಟ್ಟು ತಿಳಿಸಿ:

ಆಟದ ಮುಂಚೆ, ನಡುವೆ, ಆಮೇಲೆ ಏನೇನು ತಿನ್ನಬೇಕು? 14 ಜನಕ್ಕೆ ಅಳತೆ ಎಷ್ಟು? ಅಂಗಡಿಯ ಪುಡಿ ಬಿಟ್ಟು ಮನೆಯಲ್ಲೇ ಪಾನೀಯ ಮಾಡಬಹುದಾ? ಮೈದಾನದಲ್ಲಿ ಒಲೆಯೂ ಇಲ್ಲ, ಫ್ರಿಜ್ಜೂ ಇಲ್ಲ. ಬೆಳಿಗ್ಗೆ 5ಕ್ಕೆ ಮಾಡಿದ್ದು 8:30ಕ್ಕೆ ತಿನ್ನೋಕೆ ಸರಿಯಿರುತ್ತಾ? ತಂಡದಲ್ಲಿ ಒಬ್ಬರಿಗೆ ಕಡಲೆಕಾಯಿ ಅಲರ್ಜಿ, ನಾಲ್ವರು ಮೊಟ್ಟೆ ತಿನ್ನಲ್ಲ, ಅರ್ಧ ಜನಕ್ಕೆ ಅಡುಗೆ ಬರಲ್ಲ. ಹೀಗಿದ್ದಾಗ ಸರದಿ ಹೇಗೆ ಹಾಕೋದು?

ಉತ್ತರ 1: ತಕ್ಕಡಿ

ಮೊದಲು ಒಂದು ಮಾತು. ಒಂದು ಗಂಟೆಯ ಆಟಕ್ಕೆ ದೊಡ್ಡ ಪೋಷಣೆ ಯೋಜನೆ ಏನೂ ಬೇಕಿಲ್ಲ. ಸ್ನಾಯುಗಳಲ್ಲಿರುವ ಶಕ್ತಿಯ ದಾಸ್ತಾನು ಒಂದು ಗಂಟೆಗೆ ಸಾಕಾಗುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಿ ಅನ್ನುವ ಸಲಹೆ ಅದಕ್ಕಿಂತ ಉದ್ದನೆಯ ಆಟಗಳಿಗೆ. ಹಾಗಾಗಿ ನಿಮ್ಮ ಶ್ರಮವನ್ನೆಲ್ಲ ಆಟದ ನಂತರದ ತಟ್ಟೆಯ ಮೇಲೆ ಹಾಕಿ.

ಆಟದ ಮುಂಚಿನದು ಅವರವರ ಮನೆಯಲ್ಲೇ ಆಗಲಿ. ಹೊಟ್ಟೆ ತುಂಬ ಊಟ ಮಾಡಿದರೆ ಆಟಕ್ಕೆ ಮೂರು ನಾಲ್ಕು ಗಂಟೆ ಬಿಡುವು ಬೇಕು. 7ಕ್ಕೆ ಆಟ ಅಂದರೆ ಅದು ಆಗದ ಮಾತು, ಆದ್ದರಿಂದ ಹಿಂದಿನ ರಾತ್ರಿಯ ಊಟ ಸರಿಯಾಗಿ ಆಗಬೇಕು. ಬೆಳಿಗ್ಗೆ 6ರ ಒಳಗೆ ದೇಹತೂಕದ ಕಿಲೋಗೆ ಸುಮಾರು 1 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಸಾಕು. 60 ಕಿಲೋ ತೂಕದವರಿಗೆ ಒಂದು ದೊಡ್ಡ ಬಾಳೆಹಣ್ಣು, ಜೇನು ಸವರಿದ ಎರಡು ತುಂಡು ಬ್ರೆಡ್. ಎದ್ದ ಕೂಡಲೇ 300ರಿಂದ 400 ಮಿ.ಲೀ. ನೀರು. ಎಣ್ಣೆಯಲ್ಲಿ ಕರಿದದ್ದು, ತುಂಬ ನಾರಿನಂಶ ಇರುವುದು, ಖಾರದ್ದು ಈ ಹೊತ್ತಿಗೆ ಬೇಡ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಓಡುವಾಗ ಎದೆಯುರಿ, ಪಕ್ಕೆ ಹಿಡಿತ ಎರಡಕ್ಕೂ ದಾರಿಯಾಗುತ್ತದೆ. ಹಿಂದೆ ತಿಂದೇ ಇಲ್ಲದ ಹೊಸ ತಿಂಡಿಯನ್ನು ಆಟದ ದಿನ ಪರೀಕ್ಷೆ ಮಾಡುವುದೂ ಬೇಡ.

ಮಧ್ಯಂತರಕ್ಕೆ ಅರ್ಧ ಬಾಳೆಹಣ್ಣು ಅಥವಾ ಎರಡು ಖರ್ಜೂರ, ಬೇಕೆನಿಸಿದವರಿಗೆ ಮಾತ್ರ. ಬಾಳೆಹಣ್ಣನ್ನು ಸಿಪ್ಪೆ ಸಮೇತ ಅಡ್ಡಕ್ಕೆ ಕತ್ತರಿಸಿ ತನ್ನಿ. ಸುಲಿದು ತಂದರೆ ಕಪ್ಪಾಗುತ್ತದೆ, ಮಣ್ಣಿನ ಕೈಯಿಂದ ಹಿಡಿಯಬೇಕಾಗುತ್ತದೆ.

ಆಟದ ನಂತರ ಒಬ್ಬೊಬ್ಬರಿಗೂ 20ರಿಂದ 25 ಗ್ರಾಂ ಪ್ರೋಟೀನ್, ಜೊತೆಗೆ ಹಸಿವಿಗೆ ತಕ್ಕಷ್ಟು ಕಾರ್ಬೋಹೈಡ್ರೇಟ್ ಸಿಕ್ಕರೆ ಚೆನ್ನ. 14 ಜನಕ್ಕೆ ಎರಡು ಲೆಕ್ಕ ಕೊಡುತ್ತೇನೆ.

ಬಿಸಿ ತಟ್ಟೆ: ತಲಾ 250 ಗ್ರಾಂ ಅನ್ನ, 150 ಗ್ರಾಂ ಗಟ್ಟಿಯಾಗಿ ಬೇಯಿಸಿದ ಬೇಳೆ. ಇಷ್ಟರಲ್ಲೇ ಸುಮಾರು 20 ಗ್ರಾಂ ಪ್ರೋಟೀನ್ ಬರುತ್ತದೆ. ಬೇಕಾದವರಿಗೆ ಒಂದು ಮೊಟ್ಟೆ, ಅದರಿಂದ ಇನ್ನೊಂದು 6 ಗ್ರಾಂ. ಒಟ್ಟು 1.25 ಕಿಲೋ ಅಕ್ಕಿ, 850 ಗ್ರಾಂ ಬೇಳೆ. ಬೇಳೆ ನೀರಾಗಿದ್ದರೆ ಪ್ರೋಟೀನ್ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ, ಸಾಗಿಸುವಾಗ ಚೆಲ್ಲುತ್ತದೆ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಇರಲಿ.

ತಣ್ಣನೆ ತಟ್ಟೆ: 3.5 ಕಿಲೋ ಬೇಯಿಸಿದ ಆಲೂಗಡ್ಡೆ, 900 ಗ್ರಾಂ ಒಣ ಕಾಬೂಲಿ ಕಡಲೆಯನ್ನು ರಾತ್ರಿಯಿಡೀ ನೆನೆಸಿ ಬೇಯಿಸಿದ್ದು, ಸೌತೆಕಾಯಿ, ನಿಂಬೆ, ಉಪ್ಪು. ಜೊತೆಗೆ ತಲಾ ಒಂದು ಬಟ್ಟಲು ಮೊಸರು. ಕಾಬೂಲಿ ಕಡಲೆಯ ಬದಲು ಕೆಂಪು ರಾಜ್ಮಾ ಹಾಕುವುದಾದರೆ ಒಂದು ಎಚ್ಚರಿಕೆ: ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಸಣ್ಣ ಉರಿಯಲ್ಲಿ ಹೋಗುವುದಿಲ್ಲ. ಅರೆಬೆಂದ ರಾಜ್ಮಾ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ತರುತ್ತದೆ.

ಮೊಟ್ಟೆ ಬೇಯಿಸುವವರು ಕುದಿಯುವ ನೀರಿಗೆ ಇಳಿಸಿ 10ರಿಂದ 11 ನಿಮಿಷ ಬಿಟ್ಟು, ತಕ್ಷಣ ತಣ್ಣೀರಿಗೆ ಹಾಕಿ. ಹೆಚ್ಚು ಹೊತ್ತು ಬೆಂದರೆ ಹಳದಿಯ ಸುತ್ತ ಹಸಿರು ಬೂದು ಉಂಗುರ ಬರುತ್ತದೆ. ಅದು ಕೆಟ್ಟದ್ದಲ್ಲ, ಕಬ್ಬಿಣ ಮತ್ತು ಗಂಧಕ ಸೇರಿ ಆಗುವ ಬಣ್ಣ. ಆದರೆ ವಾಸನೆಗೆ ಯಾರೂ ಮುಟ್ಟುವುದಿಲ್ಲ. ತೀರ ಹೊಸ ಮೊಟ್ಟೆಯ ಸಿಪ್ಪೆ ಸಲೀಸಾಗಿ ಬಿಡುವುದಿಲ್ಲ, ಒಂದು ವಾರ ಹಳೆಯದು ಒಳ್ಳೆಯದು.

ಉತ್ತರ 2: ಮೂರನೇ ಡಬ್ಬಿ

ಪಾನೀಯದ ಬಗ್ಗೆ. ತಂಪು ಹವೆಯಲ್ಲಿ ಒಂದು ಗಂಟೆಯ ಆಟಕ್ಕೆ ಬರೀ ನೀರೇ ಸಾಕು. ಬಿಸಿಲು ಜೋರಿದ್ದಾಗ, ಬೆವರು ಹೆಚ್ಚು ಹರಿಯುವವರಿಗೆ ಇದನ್ನು ಮಾಡಿ.

1 ಲೀಟರಿಗೆ: ಸಕ್ಕರೆ 50 ಗ್ರಾಂ, ಉಪ್ಪು 1.5 ಗ್ರಾಂ (ಸಮತಟ್ಟಾದ ಕಾಲು ಟೀ ಚಮಚ), ಎರಡು ನಿಂಬೆಹಣ್ಣಿನ ರಸ. 14 ಜನಕ್ಕೆ ತಲಾ 600 ಮಿ.ಲೀ. ಹಿಡಿದರೆ 8.5 ಲೀಟರ್ ಆಗುತ್ತದೆ: ಸಕ್ಕರೆ 425 ಗ್ರಾಂ, ಉಪ್ಪು 13 ಗ್ರಾಂ. ಮೊದಲು ಒಂದು ಲೀಟರ್ ಬಿಸಿನೀರಲ್ಲಿ ಸಕ್ಕರೆ, ಉಪ್ಪು ಪೂರ್ತಿ ಕರಗಿಸಿ, ಆಮೇಲೆ ತಣ್ಣೀರು ಸೇರಿಸಿ. ನಿಂಬೆರಸ ಕೊನೆಗೆ. ನೇರ ತಣ್ಣೀರಿಗೆ ಸುರಿದರೆ ಸಕ್ಕರೆ ತಳದಲ್ಲಿ ಕೂರುತ್ತದೆ. ಮೊದಲ ಲೋಟದವರಿಗೆ ನೀರು, ಕೊನೆಯವರಿಗೆ ಪಾನಕ ಅನ್ನುವ ಹಾಗಾಗುತ್ತದೆ.

ಉಪ್ಪನ್ನು ತೂಕ ಮಾಡಿಯೇ ಹಾಕಿ. ಕಲ್ಲುಪ್ಪಿನ ಒಂದು ಚಮಚಕ್ಕೂ ಪುಡಿ ಉಪ್ಪಿನ ಒಂದು ಚಮಚಕ್ಕೂ ತೂಕ ಬೇರೆ. ಸಕ್ಕರೆ ಲೀಟರಿಗೆ 80 ಗ್ರಾಂ ದಾಟಿದರೆ ಹೊಟ್ಟೆಯಿಂದ ನೀರು ಮುಂದೆ ಸರಿಯುವುದು ತಡವಾಗುತ್ತದೆ, ಓಡುವಾಗ ಹೊಟ್ಟೆಯಲ್ಲಿ ತುಳುಕುತ್ತದೆ. "ರುಚಿ ಸಾಲದು" ಅಂತ ಯಾರು ಕೇಳಿದರೂ ಸಕ್ಕರೆ ಏರಿಸಬೇಡಿ, ನಿಂಬೆ ಏರಿಸಿ.

ಪಾತ್ರೆ ಸ್ಟೀಲಿನದ್ದು ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕಿನದ್ದು ಆಗಿರಲಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ನಿಂಬೆಯ ಹುಳಿ ಲೋಹವನ್ನು ಕರಗಿಸುತ್ತದೆ. ನಲ್ಲಿ ಇರುವ ಕ್ಯಾನ್ ಇದ್ದರೆ ಅನುಕೂಲ. ಒಂದೇ ಬಾಟಲಿಗೆ ಎಲ್ಲರೂ ಬಾಯಿ ಹಚ್ಚುವ ಅಭ್ಯಾಸ ಸ್ನೇಹದ ಗುರುತಾಗಿ ಬೆಳೆದುಬಿಡುತ್ತದೆ, ಶೀತ ಜ್ವರವೂ ಅದೇ ದಾರಿಯಲ್ಲಿ ಬರುತ್ತದೆ. ಅವರವರ ಲೋಟ ಅವರವರು ತರಲಿ. ಉಳಿದದ್ದನ್ನು ನಾಳೆಗೆ ಇಡಬೇಡಿ, ಸಕ್ಕರೆ ನೀರು ಬೇಗ ಹುಳಿಯಾಗುತ್ತದೆ.

ಎಷ್ಟು ಕುಡಿಯಬೇಕು ಅಂತ ನಿಖರವಾಗಿ ತಿಳಿಯಬೇಕಾದರೆ ಆಟದ ಮುಂಚೆ, ಆಮೇಲೆ ತೂಕ ನೋಡಿ. ಕಡಿಮೆಯಾದ ಪ್ರತಿ ಕಿಲೋಗೆ 1.25ರಿಂದ 1.5 ಲೀಟರ್, ಅದೂ ಮುಂದಿನ ಕೆಲವು ಗಂಟೆಗಳಲ್ಲಿ ಹಂಚಿಕೊಂಡು. ಆಟದ ನಂತರ ತೂಕ ಹೆಚ್ಚಾಗಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಕುಡಿದಿದ್ದೀರಿ ಎಂದರ್ಥ. ಒಮ್ಮೆಲೇ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿಯುವ ಅಪಾಯ ನಿಜಕ್ಕೂ ಇದೆ.

ಇದು ಓಆರ್‌ಎಸ್ ಅಲ್ಲ ಅನ್ನುವುದು ನೆನಪಿರಲಿ. ಅದರಲ್ಲಿ ಉಪ್ಪು ಇದಕ್ಕಿಂತ ಹೆಚ್ಚು, ಸಕ್ಕರೆಯಂಶ ಬಹಳ ಕಡಿಮೆ (ಲೀಟರಿಗೆ 13.5 ಗ್ರಾಂ ಗ್ಲೂಕೋಸ್). ಭೇದಿಯಾದವರಿಗೆ ಪ್ಯಾಕೆಟ್ಟೇ ಬೇಕು, ಈ ಪಾನಕ ಅಲ್ಲ.

ಉತ್ತರ 3: ಶೀತಕಪಾಟು

5ಕ್ಕೆ ಮಾಡಿ 8:30ಕ್ಕೆ ತಿನ್ನುವುದು ಸರಿಯಾ ಅಂತ ಕೇಳಿದ್ದೀರಿ. ಬೆಚ್ಚಗಿಟ್ಟರೆ ತಪ್ಪು. ಬಿಸಿಬಿಸಿಯಾಗಿ ಇಟ್ಟರೆ ಸರಿ.

5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗೆ ಬ್ಯಾಕ್ಟೀರಿಯಾ ಬೆಳೆಯುವ ವಲಯ. ಬೆಂದ ಅಡುಗೆ ಈ ವಲಯದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅನ್ನದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಲ್ಲಿ ಅವು ಮೊಳೆತು, ವಾಂತಿ ಮಾಡಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಬಿಸಿ ಮಾಡಿಕೊಂಡು ತಿಂದರಾಯಿತು" ಅನ್ನುವ ನಂಬಿಕೆ ಅನ್ನಕ್ಕೆ ಅನ್ವಯಿಸುವುದಿಲ್ಲ.

ಬಿಸಿ ದಾರಿ: ಶಾಖ ಹಿಡಿಯುವ ಹಾಟ್‌ಬಾಕ್ಸ್‌ಗೆ ಮೊದಲು ಕುದಿಯುವ ನೀರು ತುಂಬಿ 10 ನಿಮಿಷ ಮುಚ್ಚಿಡಿ. ನೀರು ಚೆಲ್ಲಿ, ಒಲೆಯಿಂದ ಇಳಿಸಿದ ತಕ್ಷಣ ಅಡುಗೆ ತುಂಬಿ. ಕಂಠದವರೆಗೆ ತುಂಬಬೇಕು, ಏಕೆಂದರೆ ಅರ್ಧ ಖಾಲಿ ಡಬ್ಬಿ ಬೇಗ ತಣಿಯುತ್ತದೆ. ರುಚಿ ನೋಡುತ್ತೇನೆ ಅಂತ ನಡುವೆ ಮುಚ್ಚಳ ತೆಗೆಯುವುದು ಬೇಡ. ಅಡುಗೆಯ ಥರ್ಮಾಮೀಟರ್ ಒಂದನ್ನು ತಂಡದ ಹಣದಲ್ಲಿ ಕೊಂಡು, ಬಡಿಸುವ ಮುಂಚೆ ಡಬ್ಬಿಯ ನಡುಭಾಗಕ್ಕೆ ಚುಚ್ಚಿ ನೋಡಿ. 60ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ಬಡಿಸಿ.

ತಣ್ಣನೆ ದಾರಿ: ಹಿಂದಿನ ಸಂಜೆ ಬೇಯಿಸಿ, ಅಗಲ ತಟ್ಟೆಗಳಲ್ಲಿ 5 ಸೆಂ.ಮೀ.ಗಿಂತ ತೆಳ್ಳಗೆ ಹರಡಿ, ಬೇಗ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಅಂಚು ತಣ್ಣಗಾದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಬಹುಪಾಲು ಎಡವಟ್ಟು ಆಗುವುದು ಇಲ್ಲೇ. ಸಾಗಿಸುವಾಗ ಐಸ್‌ಪ್ಯಾಕ್‌ಗಳನ್ನು ಡಬ್ಬಿಗಳ ಮೇಲೂ ಇಡಿ, ತಂಪುಗಾಳಿ ಕೆಳಗೆ ಇಳಿಯುತ್ತದೆ. ಬಿಸಿ ಡಬ್ಬಿಯನ್ನೂ ಮೊಸರನ್ನೂ ಒಂದೇ ಚೀಲದಲ್ಲಿ ತುಂಬಬೇಡಿ.

ಕೈ ತೊಳೆಯಲು 5 ಲೀಟರ್ ನೀರು, ಸೋಪು ಬೇರೆಯೇ ಬರಲಿ. ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಡಲೆಕಾಯಿಯ ವಿಷಯಕ್ಕೂ ಇದು ಮುಖ್ಯ: ಅಲರ್ಜಿ ತರುವ ಪ್ರೋಟೀನ್ ಸೋಪಿಗೆ ಹೋಗುತ್ತದೆ, ಸ್ಯಾನಿಟೈಸರ್‌ಗೆ ಹೋಗುವುದಿಲ್ಲ. ಒಬ್ಬರಿಗೆ ಅಲರ್ಜಿ ಇದ್ದ ಮೇಲೆ ಇಡೀ ತಂಡದ ಊಟದಿಂದ ಕಡಲೆಕಾಯಿ ತೆಗೆದುಬಿಡಿ. ಎಣ್ಣೆ, ಚಟ್ನಿಪುಡಿ, ಬಿಸ್ಕತ್ತಿನ ಲೇಬಲ್ ಕೂಡ ಓದಿ. ಅವರಿಗೊಂದು ಪ್ರತ್ಯೇಕ ಡಬ್ಬಿ ಕೊಟ್ಟು ಪಕ್ಕಕ್ಕೆ ಕೂರಿಸುವುದು ಪರಿಹಾರ ಅಲ್ಲ. ಒಂದೇ ಸೌಟು ಎಲ್ಲ ಪಾತ್ರೆಗೂ ಹೋಗುವ ಜಾಗದಲ್ಲಿ ಅದು ಕಾಪಾಡುವುದೂ ಇಲ್ಲ. ವೈದ್ಯರು ಎಪಿನೆಫ್ರಿನ್ ಪೆನ್ (ತೀವ್ರ ಅಲರ್ಜಿಯಾದಾಗ ಚುಚ್ಚುವ ಔಷಧಿ) ಕೊಟ್ಟಿದ್ದರೆ ಅದು ಯಾವ ಬ್ಯಾಗಿನಲ್ಲಿದೆ ಅಂತ ಕನಿಷ್ಠ ಮೂವರಿಗೆ ಗೊತ್ತಿರಲಿ. ಉಸಿರು ಕಟ್ಟಿದರೆ, ಗಂಟಲು ಊದಿದರೆ ತೊಡೆಯ ಹೊರಬದಿಗೆ ತಕ್ಷಣ ಚುಚ್ಚಿ, ತುರ್ತು ವಾಹನಕ್ಕೆ ಕರೆ ಮಾಡಿ; ಎದ್ದು ಓಡಾಡಲು ಬಿಡಬೇಡಿ.

ವಾಂತಿ ಭೇದಿ ಆದವರು ಅದು ನಿಂತು 48 ಗಂಟೆ ಕಳೆಯುವವರೆಗೆ ತಂಡಕ್ಕೆ ಅಡುಗೆ ಮಾಡಬಾರದು. ಸರದಿ ತಪ್ಪುತ್ತದೆ ಅನ್ನುವ ಸಂಕೋಚಕ್ಕೆ ಮಾಡಿಬಿಡುತ್ತಾರೆ, ಆದ್ದರಿಂದ ಸರದಿ ಬದಲಿಸಿಕೊಳ್ಳುವುದು ಸಲೀಸಾಗಿರಬೇಕು.

ಉತ್ತರ 4: ಬದಲಿ ಆಟಗಾರ

ಸರದಿ ಮತ್ತು ಸ್ನೇಹದ ಬಗ್ಗೆ ನನ್ನ ಅಭಿಪ್ರಾಯ. ಎರಡನ್ನೂ ಒಂದೇ ಪ್ರಶ್ನೆಯಾಗಿ ನೋಡಿ. ಅಡುಗೆ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಜನ ಎಷ್ಟು ಹೊತ್ತು ಕೂತರು ಅನ್ನುವುದೇ ಇಲ್ಲಿ ಲೆಕ್ಕಕ್ಕೆ ಬರುವುದು.

ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನವಾಗಲು ಸುಮಾರು 90 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಜೊತೆಗಿರಬೇಕು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗಿಂತ ಬಿಡುವಿನಲ್ಲಿ ಕಳೆದ ಗಂಟೆಗಳಿಗೆ ಹೆಚ್ಚು ಬೆಲೆ. ನಿಮ್ಮ ತಂಡಕ್ಕೆ ಹಾಕಿ ನೋಡಿ: ವಾರಕ್ಕೆ ಒಂದು ಗಂಟೆ ಆಟ ಮಾತ್ರ ಆದರೆ 50 ಗಂಟೆಗೆ 50 ವಾರ. ಅದಕ್ಕೆ 45 ನಿಮಿಷದ ಊಟ ಸೇರಿಸಿದರೆ 29 ವಾರ. ಓಟದ ನಡುವೆ ಮಾತು ಎಲ್ಲಿ ಆಗುತ್ತದೆ? ಊಟದ ಮುಂದೆ ಕೂತಾಗಲೇ "ಮನೆಯಲ್ಲಿ ಎಲ್ಲ ಆರಾಮಾ" ಅನ್ನುವ ಮಾತು ಬರುವುದು.

ಅಮೆರಿಕದ ಅಗ್ನಿಶಾಮಕ ಠಾಣೆಗಳ ಮೇಲೆ ಕೆವಿನ್ ನಿಫಿನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟಿಗೆ ಊಟ ಮಾಡುವ ತಂಡಗಳ ಕೆಲಸಕ್ಕೆ ಹೆಚ್ಚಿನ ಅಂಕ ಸಿಕ್ಕಿತ್ತು. ಊಟದಿಂದಲೇ ಹಾಗಾಯಿತು ಅಂತ ಅದು ಸಾಬೀತು ಮಾಡುವುದಿಲ್ಲ, ಚೆನ್ನಾಗಿರುವ ತಂಡವೇ ಒಟ್ಟಿಗೆ ಉಣ್ಣಲು ಬಯಸಬಹುದು. ಆದರೂ ಪ್ರಯತ್ನ ಮಾಡಲು ಅಷ್ಟು ಸಾಕು.

ಈಗ ಸರದಿ. ಒಬ್ಬರ ಮೇಲೆ ಇಡೀ ಹೊರೆ ಹಾಕಿದರೆ ಎರಡೇ ತಿಂಗಳಲ್ಲಿ ನಿಲ್ಲುತ್ತದೆ. ವಾರಕ್ಕೆ ನಾಲ್ವರು ಇರಲಿ: ಒಬ್ಬರು ಅಡುಗೆ, ಒಬ್ಬರು ತರಕಾರಿ ಹೆಚ್ಚಿ ಪಾನೀಯ ಮಾಡುವವರು, ಒಬ್ಬರು ಸಾಗಿಸಿ ಬಡಿಸುವವರು, ಒಬ್ಬರು ಪಾತ್ರೆ ತೊಳೆದು ಹಿಂದಿರುಗಿಸುವವರು. ಅಡುಗೆ ಬಾರದವರಿಗೆ ಹೀಗೆ ಮೂರು ಗೌರವದ ಕೆಲಸ ಸಿಗುತ್ತದೆ. ತೊಳೆಯುವ ಕೆಲಸ ಯಾವಾಗಲೂ ಒಬ್ಬರಿಗೇ ಬೀಳದ ಹಾಗೆ ಪಟ್ಟಿ ಬರೆದಿಡಿ; ಬಾಯಿಮಾತಿನ ಸರದಿಯಲ್ಲಿ ಅಡುಗೆಯ ಸರದಿ ನೆನಪಿರುತ್ತದೆ, ತೊಳೆಯುವುದು ಮರೆತುಹೋಗುತ್ತದೆ. ಮೊದಲೇ ಆಪ್ತರಾಗಿರುವ ಇಬ್ಬರನ್ನು ಒಂದೇ ವಾರಕ್ಕೆ ಹಾಕಬೇಡಿ. ಡಿಫೆನ್ಸ್‌ನವರನ್ನೂ ಫಾರ್ವರ್ಡ್‌ನವರನ್ನೂ ಬೆರೆಸಿ. ಹೊಸದಾಗಿ ಸೇರಿದವರಿಗೆ ಮೊದಲ ಮೂರು ವಾರ ಯಾವ ಕೆಲಸವೂ ಬೇಡ, ಬರೀ ಉಂಡು ಹೋಗಲಿ.

ದುಡ್ಡು ಸಾಮಾನ್ಯ ಖಾತೆಯಿಂದ. ಎಲ್ಲರೂ ತಿಂಗಳಿಗೆ ಸಮಾನವಾಗಿ ಹಾಕಿ, ಅಡುಗೆಯವರು ರಸೀದಿ ತೋರಿಸಿ ತೆಗೆದುಕೊಳ್ಳಲಿ. "ಇರಲಿ ಬಿಡಿ, ನಾನೇ ಹಾಕ್ತೀನಿ" ಅನ್ನುವ ಔದಾರ್ಯವನ್ನು ಮೊದಲ ವಾರದಿಂದಲೇ ನಯವಾಗಿ ನಿಲ್ಲಿಸಿ, ಏಕೆಂದರೆ ಮುಂದಿನ ಸರದಿಯವರಿಗೆ ಅದು ಸಾಲವಾಗಿ ಕಾಣುತ್ತದೆ. ಇದೇ ಕಾರಣಕ್ಕೆ ಒಂದು ಮುಖ್ಯ ಅಡುಗೆ, ಒಂದು ಹಸಿ ತರಕಾರಿ ಅಥವಾ ಹಣ್ಣು ಅಂತ ಮಿತಿ ಹಾಕಿ. ಒಬ್ಬರು ಐದು ಬಗೆ ತಂದರೆ ಮುಂದಿನವರು ಆರು ಬಗೆ ತರುತ್ತಾರೆ, ಅದರ ಮುಂದಿನವರು ಆ ವಾರ ಆಟಕ್ಕೇ ಬರುವುದಿಲ್ಲ.

ಎಷ್ಟು ಜನ ಬರುತ್ತಾರೆ ಅನ್ನುವುದು ಹಿಂದಿನ ದಿನ ಸಂಜೆ 6ರೊಳಗೆ ತಿಳಿಯಬೇಕು. ಉತ್ತರ ಕೊಡದವರನ್ನು ಬರುತ್ತಾರೆ ಅಂತಲೇ ಎಣಿಸಿ. ಎರಡು ಪಾಲು ಉಳಿದರೂ ಪರವಾಗಿಲ್ಲ, ಒಬ್ಬರಿಗೆ ಕಡಿಮೆ ಬೀಳಬಾರದು.

ಪೊಟ್ಟಣ ಕಟ್ಟಿ ಹಂಚಬೇಡಿ. ಪೊಟ್ಟಣ ಕೈಗೆ ಬಂದರೆ ಜನ ಗಾಡಿ ಹತ್ತುತ್ತಾರೆ. ನೆರಳಲ್ಲಿ ಚಾಪೆ ಹಾಸಿ, ಪಾತ್ರೆ ನಡುವೆ ಇಟ್ಟು, ತಟ್ಟೆಗೆ ಬಡಿಸಿ. ಆಟ ಮುಗಿದು ಹತ್ತು ಹದಿನೈದು ನಿಮಿಷ ಮೈ ತಣಿಯಲು ಬಿಡಿ, ಆ ಹೊತ್ತಿನಲ್ಲಿ ಕೈ ತೊಳೆಯುವುದು, ಚಾಪೆ ಹಾಸುವುದು ಆಗಲಿ. ಸೋತ ದಿನ ತಪ್ಪು ಪಾಸಿನ ವಿಚಾರಣೆ ಊಟದ ಹೊತ್ತಿಗೆ ಬೇಡ. ಅದಕ್ಕೆ ಮುಂದಿನ ಆಟದ ಮುಂಚಿನ ವಾರ್ಮ್‌ಅಪ್ ಸಮಯ ಇದೆ. ಉಪವಾಸವೋ ಪಥ್ಯವೋ ಇದ್ದು ತಿನ್ನದವರಿಗೆ ಬಲವಂತ ಮಾಡಬೇಡಿ, ಆದರೆ ಕೂರಲು ಕರೆಯಿರಿ.

ಹಾಫ್‌ಟೈಮ್:

ಎಲ್ಲರಿಗೂ ಧನ್ಯವಾದ. ಕೆಲಸವನ್ನು ನಾಲ್ಕು ಪಾಲು ಮಾಡುವ ವಿಚಾರ ನಮಗೆ ಹೊಳೆದೇ ಇರಲಿಲ್ಲ. ಎರಡು ಸಂದೇಹ ಉಳಿದಿವೆ. ಒಬ್ಬರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಅವರಿಗೆ ಈ ತಟ್ಟೆ ಆಗುತ್ತಾ? ಬಿಸಿ ತಟ್ಟೆಗೆ ಎಷ್ಟು ಲೀಟರಿನ ಡಬ್ಬಿ ಬೇಕು?

ತಕ್ಕಡಿ:

ಇನ್ಸುಲಿನ್ ಪ್ರಮಾಣ, ಆಟದ ಮುಂಚೆ ಎಷ್ಟು ತಿನ್ನಬೇಕು ಅನ್ನುವುದನ್ನು ಅವರು ತಮ್ಮ ವೈದ್ಯರ ಜೊತೆ ಗೊತ್ತುಮಾಡಿಕೊಂಡಿರಬೇಕು. ತಂಡದವರು ಮಾಡಬಹುದಾದದ್ದು ಲೆಕ್ಕ ತಿಳಿಸುವುದು: 250 ಗ್ರಾಂ ಅನ್ನದಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್, 150 ಗ್ರಾಂ ಬೇಳೆಯಲ್ಲಿ ಸುಮಾರು 30. ಅವರ ತಟ್ಟೆಯನ್ನು ತೂಗಿ ಬಡಿಸಿ, ಅಂದಾಜಿನಲ್ಲಿ ಅಲ್ಲ. ಓಟದಿಂದ ಸಕ್ಕರೆ ಮಟ್ಟ ಆಟದ ನಡುವೆ ಮಾತ್ರವಲ್ಲ, ಎಷ್ಟೋ ಗಂಟೆಗಳ ನಂತರವೂ ಇಳಿಯಬಹುದು, ಆ ರಾತ್ರಿಯೂ ಆಗಬಹುದು. ನಡುಕ, ತಣ್ಣನೆ ಬೆವರು, ಮಾತು ತೊದಲುವುದು ಕಂಡರೆ ಆಟ ನಿಲ್ಲಿಸಿ 15 ಗ್ರಾಂ ಸಕ್ಕರೆ ಕೊಡಿ, 15 ನಿಮಿಷ ಬಿಟ್ಟು ಮಟ್ಟ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೆ 15 ಗ್ರಾಂ ಕೊಡಿ. ಮೇಲೆ ಹೇಳಿದ ಪಾನೀಯದ 300 ಮಿ.ಲೀ.ನಲ್ಲಿ ಸರಿಯಾಗಿ 15 ಗ್ರಾಂ ಇದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ತುರ್ತು ವಾಹನ ಕರೆಯಿರಿ.

ಶೀತಕಪಾಟು:

ಅನ್ನ ಬೇಳೆ ಬೇರೆ ಬೇರೆ ಒಯ್ಯುವುದಾದರೆ ಅನ್ನಕ್ಕೆ 5 ಲೀಟರ್, ಬೇಳೆಗೆ 2.5 ಲೀಟರ್. ಎರಡನ್ನೂ ಮೊದಲೇ ಬೆರೆಸಿ ಒಯ್ಯುವುದಾದರೆ 7 ಲೀಟರಿನ ಒಂದೇ ಡಬ್ಬಿ ಸಾಕು, ಶಾಖವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಬೆರೆಸಿದ್ದು ದಾರಿಯಲ್ಲೇ ನೀರು ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ಒಂದು ಲೀಟರ್ ಥರ್ಮಾಸ್‌ನಲ್ಲಿ ಕುದಿನೀರು ಜೊತೆಗಿಟ್ಟುಕೊಳ್ಳಿ, ಬಡಿಸುವ ಮುಂಚೆ ಸ್ವಲ್ಪ ಸ್ವಲ್ಪ ಸೇರಿಸಿ ಕಲಸಿದರೆ ಹದಕ್ಕೆ ಬರುತ್ತದೆ. ಥರ್ಮಾಮೀಟರ್ ಚುಚ್ಚುವುದು ನೀರು ಸೇರಿಸುವ ಮುಂಚೆ, ಆಮೇಲೆ ಅಲ್ಲ.